ಹೂದೋಟದಲ್ಲಿ ಅಮ್ಮನಿಗೆ ಸಿಕ್ಕಿದ ಗೆಣಸು

ಸ್ನೇಹಿತರೇ, ಇವತ್ತು ಹೂದೋಟದ ಕಾವಲುಗಾರ ನಮ್ಮ ಅಮ್ಮನನ್ನು ನೋಡಿ ಸೀಟಿ ಊದಿದ.

ನಮ್ಮೂರು ಕೊಳವಳ್ಳಿಯಿಂದ ಮನೆಮಂದಿಯೆಲ್ಲ ಜೀಪಿನಲ್ಲಿ ಹೋಗಿದ್ದೆವು. ಮಕ್ಕಳು ಡೇಲಿಯಾ ಮುಂದೆ, ನನ್ನ ಹೆಂಡತಿ ಗುಲಾಬಿ ಮುಂದೆ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಅಮ್ಮ ಮಾತ್ರ ದಾರಿಯಂಚಿನ ನೇರಳೆ ಎಲೆಯ ಬಳ್ಳಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದಕುತ್ತಿದ್ದಳು.

“ಅಮ್ಮೇ, ತೊಡರುದ್! ಮುಟ್ಟಬೇಡಿ, ಅದು ಅಲಂಕಾರದ ಗಿಡ” ಎಂದು ಮಲಯಾಳ ಬೆರೆಸಿ ಕೂಗುತ್ತಾ ಕಾವಲುಗಾರ ಓಡಿ ಬಂದ.

ಎಲ್ಲರೂ ತಿರುಗಿ ನೋಡುತ್ತಿದ್ದರು. “ಏಳಮ್ಮ, ಮಾನ ಹೋಗ್ತದೆ” ಎಂದೆ.

“ನೀ ಸುಮ್ನಿರು” ಎಂದು ನನ್ನನ್ನು ಗದರಿ, ಕಾವಲುಗಾರನ ಕಡೆ ತಿರುಗಿ, “ಮೋನೇ, ಮಗನೇ, ಇದು ಗೆಣಸಿನ ಬಳ್ಳಿ ಕಣೋ” ಎನ್ನುತ್ತಾ ಅಮ್ಮ ಮುಷ್ಟಿ ಗಾತ್ರದ ಗೆಣಸೊಂದನ್ನು ಎಳೆದೇ ಬಿಟ್ಟಳು.

ಕಾವಲುಗಾರನ ಬಾಯಿಂದ ಸೀಟಿ ಜಾರಿತು. “ಇಷ್ಟು ದಿನ ನಾನೇ ನೀರು ಹಾಕಿದ್ದು. ಬರೀ ಎಲೆ ಅಂದ್ಕೊಂಡಿದ್ದೆ!”

“ಎಲೆ ನೋಡ್ತಾ ಕೂತ್ಕೋ. ಕಾಡುಹಂದಿಗೆ ವಾಸ್ನೆ ಹೊಡೆದ್ರೆ ನಿನ್ನ ಡೇಲಿಯಾನೂ ಇರಲ್ಲ, ಗುಲಾಬೀನೂ ಇರಲ್ಲ.”

ಅವನ ಮನೆ ಇರುವುದು ಪಯ್ಯಂಪಳ್ಳಿಯಲ್ಲಿ ಅಂತೆ, ಅಲ್ಲಿ ಹಂದಿ ಕಾಟ ಮಾಮೂಲು. ಹಂದಿಯ ವಿಷಯ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಒಮ್ಮೆ ಬೇಲಿಯ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, “ಅಮ್ಮೇ, ಉಳಿದದ್ದು ಯಾವಾಗ ಅಗೀಬೇಕು?” ಎಂದು ಕೇಳಿದ. ಅಮ್ಮ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಣ್ಣು ಬಿರುಕು ಬಿಟ್ಟ ಕಡೆ ಗೆಣಸು ಬಲಿತಿರುತ್ತದೆ ಎಂದು ತೋರಿಸಿಕೊಟ್ಟಳು.

ಹೊರಡುವಾಗ ನಮ್ಮೆಲ್ಲರ ಫೋಟೋ ತೆಗೆದವನೂ ಅವನೇ. ಹಿಂದಿರುವ ‘ಗಿಡಗಳನ್ನು ಮುಟ್ಟಬಾರದು’ ಎಂಬ ಬೋರ್ಡು ಬಹಳ ಸ್ಪಷ್ಟವಾಗಿ ಬಂದಿದೆ. ಅದರ ಮುಂದೆ ಗೆಣಸು ಹಿಡಿದು ನಗುತ್ತಿರುವ ಅಮ್ಮ ಇನ್ನೂ ಸ್ಪಷ್ಟವಾಗಿ ಬಂದಿದ್ದಾಳೆ.