ಹಿಂದಿನ ಗಾಲಿಯ ಮೇಲಿನ ವಜ್ಜಿ

ಇಳಕಲ್ಲಿನಿಂದ ಹೊರಟಾಗ ಮಳೆ ಸಣ್ಣಗೆ ಹನಿಯುತ್ತಿತ್ತು. ಚಳಿಗಾಲದ ನಡುವೆ ಬಂದ ಮಳೆ. ಸಮುದ್ರದ ಕಡೆ ವಾಯುಭಾರ ಕುಸಿದಿದೆ ಎಂದು ಟಿ.ವಿ.ಯಲ್ಲಿ ಹೇಳುತ್ತಲೇ ಇದ್ದರು. ನೂಲು ತೇವ ಹಿಡಿದು ನಮ್ಮ ಓಣಿಯ ಕೆಲವು ಮಗ್ಗಗಳು ನಿಂತುಹೋಗಿದ್ದವು. ಅಪ್ಪನ ಪಿಕಪ್ಪಿನ ಚಾಲಕರ ಸೀಟಿನಲ್ಲಿ ನಾನು ಕೂತಿದ್ದೆ. ಪಾಲಿಶ್ ಕಾರ್ಖಾನೆಗಳಿಂದ ಕಟ್ಟಡಗಳಿಗೆ ಗ್ರಾನೈಟ್ ಸಾಗಿಸುವ ಆ ಗಾಡಿಯನ್ನು ಓಡಿಸಲು ಮಗಳಾದ ನನಗೆ ಅಪ್ಪನೇ ಕಲಿಸಿದ್ದ. ಈಗ ಅವನ ಬಲಗೈ ಮುರಿದು ಪ್ಲಾಸ್ಟರಿನಲ್ಲಿತ್ತು, ಅವನು ಮನೆಯಲ್ಲೇ ಉಳಿದಿದ್ದ.

ನಾನು ಹೋಗಬೇಕಿದ್ದದ್ದು ಬಾದಾಮಿಯಾಚೆ ಚೊಳಚಗುಡ್ಡದ ಹತ್ತಿರ ಹೊಲದ ಮನೆಯಲ್ಲಿರುವ ಅಕ್ಕ ಶಾಂತಾಳನ್ನು ಕರೆತರಲು. ಚೊಚ್ಚಲ ಬಸುರಿ. ಕುಬಸ, ಅಂದರೆ ಸೀಮಂತ, ಆಗಿ ಅದೇ ವಾರ ತವರಿಗೆ ಬರಬೇಕಿದ್ದವಳು ಮಳೆಯಿಂದ ಅಲ್ಲೇ ಉಳಿದಿದ್ದಳು. ಹೊಟ್ಟೆಯಲ್ಲಿ ಕೂಸು ಅಡ್ಡ ಮಲಗಿದೆ, ನೋವು ಶುರುವಾಗುವ ಮೊದಲೇ ಆಸ್ಪತ್ರೆಗೆ ಸೇರಿಸಿ ಎಂದು ಬಾದಾಮಿಯ ಡಾಕ್ಟರು ಹೇಳಿದ್ದರು. ಆಂಬುಲೆನ್ಸಿನವರು ಡಾಂಬರು ಮುಗಿಯುವವರೆಗೆ ಮಾತ್ರ ಬರುತ್ತೇವೆ ಎಂದರು. ಅಲ್ಲಿಂದ ಮನೆಗೆ ಸುಮಾರು ಎರಡು ಕಿಲೋಮೀಟರು, ಪೂರ್ತಿ ಎರೆ ಮಣ್ಣಿನ ದಾರಿ. ಟ್ರ್ಯಾಕ್ಟರು ಹೋಗುತ್ತದೆ, ಆದರೆ ಅದರ ಕುಲುಕಾಟಕ್ಕೆ ಡಾಕ್ಟರು ಬೇಡವೇ ಬೇಡ ಎಂದಿದ್ದರು. ಉಳಿದದ್ದು ನಮ್ಮ ಪಿಕಪ್ಪು ಮತ್ತು ನಾನು.

ನನಗೆ ಭಯವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪ್ರತಿ ಊರಿಗೂ ಮತ್ತೆ ಹೇಳುವುದು ಬೇಡ.

ಕೆಸರಿನಲ್ಲಿ ಪಿಕಪ್ ಓಡಿಸುವುದು ಹೇಗೆಂದು ಫೋನಿನಲ್ಲಿ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಹಿಮ ಬೀಳುವ ದೇಶಗಳವರ ಮಾತು. ಇಂಥ ಗಾಡಿಗೆ ಎಂಜಿನ್ ಮುಂದಿರುತ್ತದೆ, ನೂಕುವ ಗಾಲಿ ಹಿಂದಿರುತ್ತದೆ. ಹಿಂಭಾಗ ಖಾಲಿಯಿದ್ದರೆ ಆ ಗಾಲಿಗಳಿಗೆ ನೆಲದ ಹಿಡಿತ ಸಿಗುವುದಿಲ್ಲ. ಆದ್ದರಿಂದ ಹಿಂದಿನ ಅಚ್ಚಿನ ಮೇಲೆ ಸರಿಯಾಗಿ ಭಾರ, ನಮ್ಮ ಮಾತಿನಲ್ಲಿ ವಜ್ಜಿ, ಹೇರಿ ಬಿಗಿದು ಕಟ್ಟಬೇಕು. ಟೈರಿನ ಗಾಳಿ ಸ್ವಲ್ಪ ಇಳಿಸಬೇಕು. ಎರಡನೇ ಗೇರಿನಲ್ಲಿ ಹೊರಡಬೇಕು. ಜಾರಿದರೆ ಬ್ರೇಕ್ ಒತ್ತಬಾರದು. ಇದನ್ನೆಲ್ಲ ಅಪ್ಪನಿಗೆ ಹೇಳಿದೆ.

"ಅದು ಹಿಮ, ಇದು ಎರಿ. ಹಿಮ ಕರಗತೈತಿ. ಎರಿ ಗಾಲಿಗೆ ಹತ್ಕೊಂಡು ಬರತೈತಿ," ಎಂದ. "ವಜ್ಜಿ ಮಾತು ಮಾತ್ರ ಖರೆ ಐತಿ," ಎಂದು ಸೇರಿಸಿದ.

ಕಾರ್ಖಾನೆಯ ಹಿಂದೆ ಬಿಸಾಡಿದ್ದ ಗ್ರಾನೈಟ್ ತುಂಡುಗಳನ್ನು ಚೀಲಗಳಲ್ಲಿ ತುಂಬಿಸಿ, ಹಿಂದಿನ ಗಾಲಿಗಳ ನಡುವೆ ಬರುವಂತೆ ಜೋಡಿಸಿ, ಹಗ್ಗದಿಂದ ಬಿಗಿದೆವು. ಹುನಗುಂದದವರೆಗಿನ ಹೆದ್ದಾರಿಯಲ್ಲಿ ಗಾಡಿ ನೆಲಕ್ಕೆ ಅಂಟಿದಂತೆ ಓಡಿತು. ಅಲ್ಲಿ ನಿಂತು ಮಂಡಕ್ಕಿ ಸೂಸಲ, ಮಿರ್ಚಿ ತಿಂದೆ. ಅಮೀನಗಡದಲ್ಲಿ ಅಕ್ಕನಿಗೆಂದು ಕರದಂಟು ಕಟ್ಟಿಸಿಕೊಂಡೆ. ಬಾಗಲಕೋಟೆ ಮುಟ್ಟುವಷ್ಟರಲ್ಲಿ ಮಳೆ ಜೋರಾಗಿತ್ತು.

ಬಾಗಲಕೋಟೆಯ ನವನಗರದಲ್ಲಿ ಚಿಗವ್ವ, ಅಂದರೆ ಅವ್ವನ ತಂಗಿ, ಪ್ಲಾಸ್ಟಿಕ್ ಹೊದ್ದು ಬಾಗಿಲಲ್ಲೇ ನಿಂತಿದ್ದಳು. ಅವ್ವ ಇಲ್ಲದ ಮನೆ ನಮ್ಮದು, ಇಂಥ ಕೆಲಸಕ್ಕೆಲ್ಲ ಚಿಗವ್ವನೇ ಬರುವುದು. ಹತ್ತಿ ಕೂತವಳು ಹಿಂದಿನ ಚೀಲಗಳನ್ನು ನೋಡಿ ಏನವು ಎಂದು ಕೇಳಿದಳು. ಕಲ್ಲು ಎಂದೆ. ಬೀಗರಿಗೆ ಹಣ್ಣು ಒಯ್ಯುವುದನ್ನು ಕಂಡಿದ್ದೇನೆ, ಕಲ್ಲು ಒಯ್ಯುವುದನ್ನು ಈಗಲೇ ಕಂಡದ್ದು ಎಂದು ಅವಳು ಕೆರೂರಿನವರೆಗೂ ನಗುತ್ತ ಬಂದಳು. ನಾನು ವಿವರಿಸಲಿಲ್ಲ. ವಿವರಿಸಿದರೆ ನನ್ನ ಭಯ ಅವಳಿಗೂ ತಗಲುತ್ತದೆ ಎನಿಸಿತು.

ಬಾದಾಮಿಗೆ ಹತ್ತಿರದ ರಸ್ತೆಯಲ್ಲಿ ಸೇತುವೆಯ ಮೇಲೆ ನೀರು ಬಂದಿದೆ ಎಂದು ಬಸ್ಸಿನವರು ಹೇಳಿದ್ದರಿಂದ ಕೆರೂರಿನ ಮೇಲೆ ಸುತ್ತಿ ಹೋಗುತ್ತಿದ್ದೆವು. ಸಂತೆಯ ದಿನವಾಗಿತ್ತು. ಜನರಿಗಿಂತ ಮಳೆಗೆ ಕಟ್ಟಿದ ತಾಡಪತ್ರಿಗಳೇ ಹೆಚ್ಚು ಕಂಡವು. ಪಂಕ್ಚರ್ ಅಂಗಡಿಯವನ ಹತ್ತಿರ ಹಿಂದಿನ ಟೈರುಗಳ ಗಾಳಿ ಸ್ವಲ್ಪ ಇಳಿಸಲು ಹೇಳಿದೆ. ಅವನು ನನ್ನನ್ನೂ ಟೈರನ್ನೂ ನೋಡಿದ.

"ಗಾಳಿ ಹಾಕಾಕ ರೊಕ್ಕ ತಗೋತೇನಿ ಅಕ್ಕಾರ. ತಗಿಯಾಕ ಎಷ್ಟು ತಗೋಬೇಕು, ನನಗೂ ಗೊತ್ತಿಲ್ಲ."

ಕೊನೆಗೆ ಅವನು ಏನೂ ತೆಗೆದುಕೊಳ್ಳಲಿಲ್ಲ.

ಬಾದಾಮಿಯ ಕೆಂಪು ಬಂಡೆಗಳು ಮಳೆಯಲ್ಲಿ ಕಪ್ಪಾಗಿದ್ದವು. ಚಹಾದಂಗಡಿಯ ಮುಂದೆ ಕೊಡೆ ಹಿಡಿದ ಪ್ರವಾಸಿಗರು, ಹೊಂಡದ ಆಚೆ ಅಕ್ಕ-ತಂಗಿ ಜಲಧಾರೆ ಎರಡೂ ಬೀಳುತ್ತಿವೆಯಂತೆ, ನೋಡಿಕೊಂಡು ಬರೋಣ ಎನ್ನುತ್ತಿದ್ದರು. ನಾವು ನಿಲ್ಲಲಿಲ್ಲ. ಬನಶಂಕರಿ ಗುಡಿ ದಾಟಿ, ಚೊಳಚಗುಡ್ಡ ದಾಟಿ ಒಂದು ಬೇವಿನ ಮರದ ಹತ್ತಿರ ಡಾಂಬರು ಮುಗಿಯಿತು. ಅಲ್ಲಿಂದ ಮುಂದೆ ನೆಲ ಕರಿ ಬೆಣ್ಣೆಯಂತೆ ಹೊಳೆಯುತ್ತಿತ್ತು.

ಆ ದಾರಿಯ ಬಲಕ್ಕೆ ಜೋಳದ ಹೊಲ, ಎಡಕ್ಕೆ ತುಂಬಿದ ಕಾಲುವೆ. ನಡುವೆ ಒಂದು ಕಡೆ ಹಳ್ಳಕ್ಕೆ ಇಳಿದು, ಕಾಲುವೆಯ ಏರಿಗೆ ಮಗ್ಗಲಾಗಿ ಮೇಲೆ ಹತ್ತಬೇಕು. ಎರಡನೇ ಗೇರು ಹಾಕಿ, ಆಕ್ಸಿಲರೇಟರನ್ನು ಒಂದೇ ಹದಕ್ಕೆ ಹಿಡಿದು ಹೊರಟೆ. ಅಪ್ಪ ಹೇಳಿದಂತೆಯೇ ಆಯಿತು. ಎರೆ ಟೈರಿನ ಗೆರೆಗಳನ್ನೆಲ್ಲ ತುಂಬಿ ಗಾಲಿಯನ್ನು ನುಣ್ಣಗಿನ ಉಂಡೆ ಮಾಡಿತು. ಸ್ಟಿಯರಿಂಗ್ ಕೈಯಲ್ಲಿ ಹಗುರಾಯಿತು. ಚಿಗವ್ವ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಆದರೆ ಹಿಂದಿನ ಕಲ್ಲು ಗಾಡಿಯನ್ನು ಒತ್ತಿ ಹಿಡಿದಿತ್ತು. ಹಳ್ಳ ಇಳಿದು, ಏರು ಹತ್ತಿ, ಅಕ್ಕನ ಮನೆಯ ಅಂಗಳ ಮುಟ್ಟಿದೆವು. 

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಖ ಊದಿತ್ತು. ಮುಂಜಾನೆಯಿಂದ ಸೊಂಟ ಹಿಡಿದಂತಾಗುತ್ತಿದೆ ಎಂದು ನನ್ನ ಕಿವಿಯಲ್ಲಿ ಮಾತ್ರ ಹೇಳಿದಳು. ಅವಳ ಅತ್ತೆ ನೀಲವ್ವ ನಮ್ಮನ್ನು ಒಳಗೆ ಕರೆದರೂ, ಸೊಸೆಯನ್ನು ಕಳಿಸುವ ಮಾತೆತ್ತಿದಾಗ ಮುಖ ತಿರುಗಿಸಿದರು.

"ಕಲ್ಲು ಹೇರೋ ಗಾಡ್ಯಾಗ ನನ್ನ ಸೊಸಿನ್ನ ಕುಂದರಸಬೇಕೇನು? ಅದೂ ಹುಡುಗಿ ಹೊಡಿಯೋ ಗಾಡಿ."

ಭಾವ ಅವರನ್ನು ಬಾಗಿಲಾಚೆ ಕರೆದು ಮಾತಾಡಿದರು. ಏನು ಹೇಳಿದರೋ ಕೇಳಿಸಲಿಲ್ಲ. ನೀಲವ್ವ ಮರಳಿ ಬಂದು, ರೊಟ್ಟಿ ತಿಂದು ಹೊರಡಿರಿ ಎಂದಷ್ಟೇ ಹೇಳಿದರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ. ತಿನ್ನದಿದ್ದರೆ ಮತ್ತೆ ಮಾತು ಬೆಳೆಯುತ್ತದೆಂದು ತಿಂದೆ. ಹೊರಗೆ ಜನ ಓಡಾಡುವ, ಏನೋ ಸುರಿಯುವ ಸಪ್ಪಳ ಕೇಳುತ್ತಿತ್ತು. ಬಸುರಿ ಹೊರಡುವ ಗಡಿಬಿಡಿ ಎಂದುಕೊಂಡೆ.

ಕೈ ತೊಳೆದು ಹೊರಬಂದಾಗ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಬಾಗಿಲಿನಿಂದ ಪಿಕಪ್ಪಿನವರೆಗೆ ಕೆಸರಿನ ಮೇಲೆ ಒಂದು ದಾರಿ ಹಾಸಿತ್ತು. ಕೆಂಪು ಗ್ರಾನೈಟಿನ ದಾರಿ. ನೀಲವ್ವ ಮತ್ತು ಪಕ್ಕದ ಹೊಲದ ಹೆಂಗಸರು ಚೀಲಗಳನ್ನೆಲ್ಲ ಬಿಚ್ಚಿ, ಶಾಂತಾಳ ಕಾಲು ಜಾರಬಾರದೆಂದು ತುಂಡು ತುಂಡಾಗಿ ಹಾಸಿ, ತುಳಿದು ಕೂರಿಸಿದ್ದರು. ಚೀಲಗಳಿದ್ದ ಜಾಗದಲ್ಲಿ ಗಾದಿ ಹಾಸಿ, ಮೇಲೆ ಮೂರು ಕೌದಿ ಹಾಕಿದ್ದರು, ಬೇಕಾದರೆ ಸೊಸೆ ಮಲಗಿ ಹೋಗಲೆಂದು. ಅಕ್ಕ ಅತ್ತೆಯ ತೋಳು ಹಿಡಿದು ಆ ಕಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಒಮ್ಮೆಯೂ ಜಾರಲಿಲ್ಲ. ಮತ್ತೆ ಕಿತ್ತು ತುಂಬಿಸುವಂತಿರಲಿಲ್ಲ, ಅರ್ಧ ಕಲ್ಲು ಆಗಲೇ ಎರೆಯೊಳಗೆ ಹೂತಿತ್ತು. ಅಕ್ಕನ ನೋವಿಗೆ ತಡ ಮಾಡುವಂತೆಯೂ ಇರಲಿಲ್ಲ. ಅಕ್ಕನನ್ನೂ ಚಿಗವ್ವನನ್ನೂ ಮುಂದೆ ನನ್ನ ಪಕ್ಕ ಕೂರಿಸಿಕೊಂಡು ಗಾಡಿ ಶುರು ಮಾಡಿದೆ.

ಅಂಗಳ ದಾಟುತ್ತಲೇ ಹಿಂಭಾಗ ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ. ಮರಳುವ ದಾರಿಯಲ್ಲಿ ಕಾಲುವೆ ಬಲಕ್ಕೆ. ಬ್ರೇಕ್ ಒತ್ತಲಿಲ್ಲ, ಕಾಲು ತೆಗೆದೆ. ಗಾಡಿ ಓರೆಯಾಗಿ ತಾನೇ ನಿಂತಿತು. ಅಕ್ಕ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು. ನಾನು ಇಳಿದು ಭಾವನಿಗೆ ಹೇಳಿದೆ: ಆ ಕಲ್ಲು ಬೀಗರಿಗೆ ತಂದದ್ದಲ್ಲ, ಗಾಡಿ ಜಾರದಿರಲೆಂದು ತಂದದ್ದು, ಅದಿಲ್ಲದೆ ಹಳ್ಳದ ಏರು ಹತ್ತುವುದಿಲ್ಲ. ಎಲ್ಲರೂ ಅಂಗಳದ ಕಡೆ ನೋಡಿದರು. 

ನೀಲವ್ವ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನನ್ನ ಹತ್ತಿರ ಬಂದರು.

"ವಜ್ಜಿ ಕಲ್ಲಿಂದಽ ಆಗಬೇಕೇನು?"

"ಯಾವುದಾದರೂ ನಡಿತೈತ್ರಿ ಅತ್ತಿ," ಎಂದೆ.

"ಹಂಗಾರ ಹತ್ರೆವ್ವಾ," ಎಂದು ಪಕ್ಕದ ಹೆಂಗಸರಿಗೆ ಹೇಳಿ, ಮೊದಲು ತಾವೇ ಹತ್ತಿದರು. "ಅತ್ತಿ ಭಾಳ ವಜ್ಜಿ ಅಂತ ನನ್ನ ಸೊಸಿ ಮನಸಿನ್ಯಾಗ ಅಂದಿರಬೇಕು. ಇವತ್ತ ಉಪಯೋಗಕ್ಕ ಬಂತು."

ಮುಂದೆ ಕೂತ ಅಕ್ಕ ನಕ್ಕಳು. ನಡುವೆ ನೋವು ಬಂದು ನಗು ಅರ್ಧಕ್ಕೆ ನಿಂತಿತು.

ನಾಲ್ಕು ಜನ ಹೆಂಗಸರು, ಹೊಲದ ಇಬ್ಬರು ಗಂಡಸರು ಕೌದಿಯ ಮೇಲೆ ಕೆಸರುಗಾಲಿನಲ್ಲೇ ನಿಂತರು. ಭಾವ ಮುಂದೆ ನಡೆದು ಗಟ್ಟಿ ನೆಲ ತೋರಿಸುತ್ತಿದ್ದರು. ಹಳ್ಳದವರೆಗೆ ಗಾಡಿ ಮಾತು ಕೇಳಿತು. ಏರಿಗೆ ಹತ್ತುವಾಗ ಹಿಂದಿನ ಗಾಲಿ ಸುಮ್ಮನೆ ತಿರುಗತೊಡಗಿತು. ಕನ್ನಡಿಯಲ್ಲಿ ನೋಡಿದರೆ ಎಲ್ಲರೂ ಹೆದರಿ ಕ್ಯಾಬಿನ್ನಿನ ಸರಳು ಹಿಡಿದು ಮುಂದಕ್ಕೆ ಗುಂಪಾಗಿದ್ದರು. ಬರುವಾಗಿನ ಕಲ್ಲಿಗೆ ಭಯವಿರಲಿಲ್ಲ, ಕಟ್ಟಿದಲ್ಲಿ ಕೂತಿತ್ತು. ಗಾಡಿಯ ಹಿಂಭಾಗ ನಿಧಾನವಾಗಿ ಕಾಲುವೆಯ ಕಡೆ ಸರಿಯಿತು. ಬಲಗಡೆಯ ಕಿಟಕಿಯಲ್ಲಿ ನನಗೆ ದಾರಿ ಕಾಣಲಿಲ್ಲ, ಬರೀ ಕೆಂಪು ನೀರು ಕಂಡಿತು.

ನಾನು ಕೂಗುವವಳಲ್ಲ. ತರಗತಿಯಲ್ಲಿ ಪಾಠ ಹೇಳುವಾಗಲೂ ಹಿಂದಿನ ಸಾಲಿಗೆ ಕೇಳಿಸುವುದಿಲ್ಲ ಎಂದು ನನ್ನ ವಿದ್ಯಾರ್ಥಿಗಳ ದೂರು. ಅವತ್ತು ತಲೆ ಹೊರಗೆ ಹಾಕಿ ಕೂಗಿದೆ.

"ಹಿಂದ ಸರೀರಿ! ಗಾಲಿ ಮ್ಯಾಲ ಬರ್ರಿ!"

ಕನ್ನಡಿಯಲ್ಲಿ ಕಂಡದ್ದು ಇಷ್ಟು: ನೀಲವ್ವ ಸರಳು ಬಿಟ್ಟರು. ಪಕ್ಕದವಳ ಸೆರಗು, ಇನ್ನೊಬ್ಬನ ಅಂಗಿ ಹಿಡಿದು ಎಲ್ಲರನ್ನೂ ಹಿಂದಕ್ಕೆ ಜಗ್ಗಿದರು; ಜಗ್ಗಿದ ಹೊಡೆತಕ್ಕೆ ತಾವೇ ಕೌದಿಯ ಮೇಲೆ ಕುಸಿದು ಕೂತರು. ಅವರ ಸುತ್ತ ಎಲ್ಲರೂ ಕೂತರು. ಗಾಲಿ ಎರಡು ಸಲ ತಿರುಗಿ, ಏನನ್ನೋ ಕಚ್ಚಿ ಹಿಡಿಯಿತು. ಸ್ಟಿಯರಿಂಗನ್ನು ಜಾರುತ್ತಿದ್ದ ಕಡೆಗೇ ಸ್ವಲ್ಪ ತಿರುಗಿಸಿ, ಆಕ್ಸಿಲರೇಟರನ್ನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತಿದೆ. ಕಿಟಕಿಯಿಂದ ನೀರು ಹಿಂದೆ ಸರಿಯಿತು. ಚಿಗವ್ವ ಬನಶಂಕರಿಯ ಹೆಸರು ಹೇಳುತ್ತಲೇ ಇದ್ದಳು. ನಾವು ಬೇವಿನ ಮರ ಮುಟ್ಟಿ ಡಾಂಬರಿಗೆ ಹತ್ತಿದ ಮೇಲೂ ಅವಳು ಆ ಜಪ ನಿಲ್ಲಿಸಲಿಲ್ಲ.

ಹಿಂದಿದ್ದವರು ಅಲ್ಲೇ ಇಳಿದರು. ಗಾಡಿಗೆ ಭಾವ ಹತ್ತಲಿ ಎಂದು ನೀಲವ್ವ ಹೇಳಿದರು. ಮನೆಯಲ್ಲಿ ದನಗಳಿವೆ, ತಾವು ನಾಳೆ ಬರುವುದಾಗಿ ಹೇಳಿ ನಿಂತರು. ಬಾದಾಮಿಯಲ್ಲಿ ಅಕ್ಕನನ್ನು ನೇರ ಒಳಗೆ ಕರೆದೊಯ್ದರು. ಸಂಜೆಯ ಹೊತ್ತಿಗೆ ಆಪರೇಶನ್ ಮಾಡಿ ಹೆಣ್ಣು ಕೂಸನ್ನು ತೆಗೆದರು. ಇಬ್ಬರೂ ಕ್ಷೇಮ ಎಂದು ನರ್ಸಮ್ಮ ಹೇಳಿದರು. ಅಪ್ಪನಿಗೆ ಫೋನ್ ಮಾಡಿದೆ. ಅವನು ಮೊದಲು ಕೂಸಿನ ಬಗ್ಗೆ ಕೇಳಿದ, ಆಮೇಲೆ ಗಾಡಿಯ ಬಗ್ಗೆ.

ಮರುದಿನ ಮಳೆ ಬಿಟ್ಟು ಚಳಿಗಾಳಿ ಬೀಸುತ್ತಿತ್ತು. ನೀಲವ್ವನನ್ನು ಕರೆತರಲು ಬೇವಿನ ಮರದವರೆಗೆ ಹೋದೆ. ಮೊಣಕಾಲವರೆಗೆ ಎರೆ ಮೆತ್ತಿಕೊಂಡು ಅವರು ಆಗಲೇ ನಡೆದು ಬಂದು ನಿಂತಿದ್ದರು, ಕೈಯಲ್ಲಿ ಬಾಣಂತಿಗೆಂದು ಮಾಡಿದ ಅಂಟಿನುಂಡೆಯ ಡಬ್ಬಿ. ಮುಂದಿನ ಬಾಗಿಲು ತೆಗೆದೆ. ಅವರು ಬಗ್ಗಿ ಗಾಡಿಯ ಹಿಂಭಾಗ ನೋಡಿದರು. ಖಾಲಿಯಿತ್ತು.

"ಹಿಂದ ಯಾರೂ ಇಲ್ಲೇನು?"

"ಇದು ಡಾಂಬರ ರಸ್ತಾರಿ ಅತ್ತಿ, ಜಾರೂದಿಲ್ಲ. ಮುಂದ ಬರ್ರಿ."

ಅವರು ನನ್ನ ಮುಖ ನೋಡಿದರು, ಹುಡುಗಿಯ ಮಾತನ್ನು ಎಷ್ಟು ನಂಬಬೇಕೆಂದು ಅಳೆಯುವವರಂತೆ. ಆಮೇಲೆ ಡಬ್ಬಿಯನ್ನು ನನ್ನ ಪಕ್ಕದ ಸೀಟಿನ ಮೇಲಿಟ್ಟು, ಹಿಂದೆ ಹೋಗಿ ಹತ್ತಿದರು. ಹೊರಡುವಾಗ ಕನ್ನಡಿ ನೋಡಿದೆ. ಸೆರಗನ್ನು ಕಿವಿಗೆ ಬಿಗಿದುಕೊಂಡು, ಬಲಕ್ಕೂ ಸರಿಯದೆ ಎಡಕ್ಕೂ ಸರಿಯದೆ, ಹಿಂದಿನ ಗಾಲಿಗಳ ನಟ್ಟನಡುವೆ ಕೂತಿದ್ದರು.