ಮೂರು ಐಟಿಸ್‌ಗಳ ಮನೆ

ಯರಗಟ್ಟಿಯ ಆ ಮನೆಯಲ್ಲಿ ಕಾಯಿಲೆಗೂ ಮರ್ಯಾದೆ ಬೇಕಿತ್ತು. "ಏನೂ ಆಗಿಲ್ಲ, ಗುಳಿಗಿ ತಗೋರಿ" ಎಂದ ಡಾಕ್ಟರು ಅವರ ಪಾಲಿಗೆ ಡಾಕ್ಟರೇ ಅಲ್ಲ. ಇಂಗ್ಲಿಷಿನ ಹೆಸರಿಟ್ಟು ಕಳಿಸಿದವನೇ ಡಾಕ್ಟರು. ಗುರುಬಸವ್ವನ ಅತ್ತೆ ಮುದಕವ್ವನ ಕೆಮ್ಮು ಬ್ರಾಂಕೈಟಿಸ್ ಆಯಿತು. ಗಂಡ ಬಸಲಿಂಗಪ್ಪನ ಹೊಟ್ಟೆಯುರಿ ಗ್ಯಾಸ್ಟ್ರೈಟಿಸ್ ಆಯಿತು. ಸಂಜೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತು ಅವನು ಆ ಹೆಸರುಗಳನ್ನು ಬಂದವರಿಗೆಲ್ಲ ಹೇಳುತ್ತಿದ್ದ, ಮಗನ ಮಾರ್ಕ್ಸು ಹೇಳುವ ಹಾಗೆ.

ಆ ಎರಡೂ ಐಟಿಸ್‌ಗಳ ಚಾಕರಿ ಸೊಸೆ ಗುರುಬಸವ್ವನದು. ಸಂಪಗಾಂವದಿಂದ ಮದುವೆಯಾಗಿ ಬಂದಂದಿನಿಂದ ಒಲೆಯ ಮುಂದೆ ಮಂಡಿ ಮಡಚಿ ಕುಳಿತು ಜೋಳದ ರೊಟ್ಟಿ ಬಡಿದವಳು. ಅತ್ತೆಗೆ ಹೊಗೆ ಆಗದು ಎಂದದ್ದಕ್ಕೆ ಕಟ್ಟಿಗೆ ಒಲೆ ಹೋಗಿ ಸೀಮೆಎಣ್ಣೆ ಸ್ಟವ್ ಬಂತು. ಗಂಡನಿಗೆ ಖಾರ ಆಗದು ಎಂದದ್ದಕ್ಕೆ ಪಲ್ಯ ಬೇರೆಯಾಯಿತು.

೧೯೯೮ರ ಚಳಿಗಾಲದಲ್ಲಿ ಅವಳ ಮೊಣಕಾಲು ಬಾತವು. "ಆರ್ಥ್ರೈಟಿಸ್. ಕಾಲ ಮಡಚಿ ನೆಲದ ಮ್ಯಾಲ ಕುಂಡ್ರಬ್ಯಾಡ್ರಿ, ನಿಂತ ಅಡಿಗಿ ಮಾಡ್ರಿ" ಎಂದರು ಡಾಕ್ಟರು. ಅವಳಿಗೆ ಒಳಗೊಳಗೇ ಸಮಾಧಾನ. ತನ್ನದೂ ಐಟಿಸ್ ಅಂದಮೇಲೆ ಅಡುಗೆಮನೆಯಲ್ಲಿ ಸ್ಟವ್ ಇಡಲು ಒಂದು ಎತ್ತರದ ಕಟ್ಟೆಯಾದರೂ ಆದೀತು ಎಂದುಕೊಂಡಳು.

ಆಗಲಿಲ್ಲ. ಹೆಸರು ಮಾತ್ರ ಹೊರಗಿನ ಕಟ್ಟೆಗೆ ಹೋಯಿತು. "ನಮ್ಮ ಮನ್ಯಾಗ ಈಗ ಮೂರ ಐಟಿಸ್" ಎಂದು ಬಸಲಿಂಗಪ್ಪ ನಕ್ಕ. ಅಡುಗೆಮನೆಯ ಮಾತೆತ್ತಿದರೆ ಮುದಕವ್ವ, "ನಿಂತ ರೊಟ್ಟಿ ಬಡ್ಯಾಕ ಇದೇನ ಖಾನಾವಳಿ ಏನ? ಮನಿ ಹೆಣ್ಮಕ್ಕಳು ಕುಂತ ಮಾಡಬೇಕ" ಎಂದು ಬಾಯಿ ಮುಚ್ಚಿಸಿದಳು. ಗುರುಬಸವ್ವನ ಮೈಯೆಲ್ಲ ಉರಿಯಿತು. ಇವರಿಗಾಗಿ ಹೊಗೆ ಹೋಗಬಹುದು, ಖಾರ ಹೋಗಬಹುದು, ತನ್ನ ಮಂಡಿ ಮಾತ್ರ ಮಡಚಲೇಬೇಕು! ಬೆಂಕಿ ಹಾಕಬೇಕು ಇವರ ನ್ಯಾಯಕ್ಕೆ!

ಮರುದಿನ ಬೆಳಗ್ಗೆ ಸ್ಟವ್, ಹಂಚು, ಹಿಟ್ಟಿನ ಪರಾತ ಎಲ್ಲವನ್ನೂ ತಂದು ಹೊರಗಿನ ಕಟ್ಟೆಯ ಮೇಲಿಟ್ಟಳು. ತಾನು ಓಣಿಯಲ್ಲಿ ನಿಂತಳು. ಕಟ್ಟೆ ಸರಿಯಾಗಿ ಅವಳ ಸೊಂಟಕ್ಕೆ ಬರುತ್ತಿತ್ತು. ಪಟಪಟ ರೊಟ್ಟಿ ಬಡಿಯತೊಡಗಿದಳು. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತರು.

ಬಸಲಿಂಗಪ್ಪ ಓಡಿಬಂದ. "ಹುಚ್ಚ ಹಿಡದೈತೇನ ನಿನಗ? ಒಳಗ ನಡಿ. ಮಂದಿ ನೋಡಾಕ ಹತ್ಯಾರ."

"ನೋಡ್ಲಿ. ನನ್ನ ಬ್ಯಾನಿ ಹೆಸರ ಮಂದಿಗೆ ಹೇಳಿದವರ ನೀವ ಅಲ್ಲೇನ್ರಿ? ಬ್ಯಾನಿ ಹೆಂಗಿರತೈತಿ ಅಂತ ಈಗ ನಾ ತೋರಸ್ತೇನಿ."

ಆ ವಾರವೇ ಗೌಂಡಿ ಪರಪ್ಪ ಇಟ್ಟಿಗೆ ತಂದ. ಒಲೆಯ ಕಟ್ಟೆ ಎಷ್ಟು ಎತ್ತರ ಬರಲಿ ಎಂದು ಅವನು ಕೇಳಿದ್ದು ಬಸಲಿಂಗಪ್ಪನನ್ನು. ಗುರುಬಸವ್ವ ಮುಂದೆ ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಅವರನ್ನೇನ ಕೇಳ್ತೀ, ಪರಪ್ಪಣ್ಣ? ನನ್ನ ನಡಾ ನೋಡಿ ಕಟ್ಟ."