ಅತ್ತೆ ಕೊಡದೆ ಇಟ್ಟುಕೊಂಡ ಮಾರ್ಕು

“ಒಂದು ಮೊಳ ನೋಡಿ ಸೀರೆ ಚೆನ್ನಾಗಿದೆ ಅನ್ನೋಕಾಗುತ್ತಾ ಅಮ್ಮಣಿ? ಇರು, ಕೂತು ನೋಡ್ತೀನಿ” ಎಂದು ನನ್ನ ಅತ್ತೆ ತಮಿಳಿನಲ್ಲಿ ಹೇಳಿಬಿಟ್ಟರು. ಕೊಯಮತ್ತೂರಿನ ಹತ್ತಿರದ ನಮ್ಮೂರಿನ ಪುರಸಭೆ ಕಚೇರಿಯಲ್ಲಿ ನಮ್ಮ ಕೆಲಸ ಮುಗಿಸಿಕೊಟ್ಟ ಗುಮಾಸ್ತೆ, ತನ್ನ ಸೇವೆಗೆ ಐದರಲ್ಲಿ ಎಷ್ಟು ಮಾರ್ಕು ಎಂದು ಕೇಳುವ ಚೀಟಿಯನ್ನು ಅವರ ಕೈಗಿಟ್ಟಿದ್ದಳು; ಅವಳಿಗೇ ಈ ಮಾತು.

ಆಯುಷ್ಯವೆಲ್ಲ ಮಗ್ಗದಲ್ಲಿ ಕಳೆದ ಅತ್ತೆ ಗುಮಾಸ್ತೆಯ ಕೆಲಸ ನೋಡುತ್ತ ಒಂದು ಗಂಟೆ ಬೆಂಚು ಬಿಟ್ಟು ಏಳಲಿಲ್ಲ. ನನಗೋ ನಾಚಿಕೆ. ಆಮೇಲೆ ಎದ್ದು ಅವಳ ಮೇಜಿಗೆ ಹೋದರು.

“ನಿನ್ನ ಮಾತು ನಯವಾಗಿದೆ ಕಣಮ್ಮ. ಆದ್ರೆ ಕಾಗದ ಸಾಲದು ಅಂತ ನಾಲ್ಕು ಜನರನ್ನ ವಾಪಸ್ ಕಳಿಸ್ದೆ. ಏನೇನು ತರಬೇಕು ಅಂತ ಬಾಗಿಲಲ್ಲೇ ಬರೆದು ಹಾಕು.”

ಚೀಟಿಯನ್ನು ಹಾಗೇ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದರು.

ಕಳೆದ ವಾರ ನಾನು ಹೋದಾಗ ಕಚೇರಿಯ ಬಾಗಿಲಲ್ಲಿ ದಪ್ಪ ಅಕ್ಷರದ ಪಟ್ಟಿ ಇತ್ತು. ಗುಮಾಸ್ತೆ ನನ್ನನ್ನು ಕಂಡವಳೇ, “ಅಕ್ಕಾ, ಅಜ್ಜಿ ನನ್ನ ಮಾರ್ಕು ಯಾವಾಗ ಕೊಡ್ತಾರೆ?” ಎಂದು ನಕ್ಕಳು.

ಮನೆಗೆ ಬಂದು ಹೇಳಿದೆ. ಅತ್ತೆ ಚೀಟಿ ಬಿಚ್ಚಿ, “ನಾಲ್ಕು ಹಾಕು. ಐದೂ ಕೊಟ್ರೆ ಆಮೇಲೆ ಇನ್ನೇನು ಕಲೀತಾಳೆ?” ಎಂದರು. ಹಾಕುತ್ತಾ ನನಗೆ ನಗುವೂ ಬಂತು, ಹೊಟ್ಟೆಕಿಚ್ಚೂ ಆಯಿತು. ಇಪ್ಪತ್ತು ವರ್ಷ ಅವರ ಪಕ್ಕದ ಮಗ್ಗದಲ್ಲಿ ನೇಯ್ದ ನನಗೆ ಇದುವರೆಗೆ ಸಿಕ್ಕಿರುವುದು ಬರೀ ‘ಪರವಾಗಿಲ್ಲ’!